ಸುಡದೆ ಉಳಿದ ಕಲ್ಲಿದ್ದಲಿನ ಬೆಲೆ



ವ್ಯಾಪಾರಿಯ ಕಿರ್ದಿ ಪುಸ್ತಕಕ್ಕೆ ಎರಡು ಬದಿಗಳು. ಬಂದದ್ದು ಜಮಾ, ಹೋದದ್ದು ಖರ್ಚು. ಹೋಗಬೇಕಾಗಿದ್ದು ಹೋಗದೆ ಉಳಿದ ಹಣಕ್ಕೆ ಅಲ್ಲಿ ಜಾಗವಿಲ್ಲ. ಗಿರಣಿಯ ಯಜಮಾನರೊಬ್ಬರು ಹಳೆಯ ಮೋಟಾರನ್ನು ತೆಗೆಸಿ ಕಡಿಮೆ ಕರೆಂಟು ಎಳೆಯುವ ಹೊಸದನ್ನು ಕೂರಿಸಿದರೆನ್ನಿ. ಅದರ ಬೆಲೆ ಆ ದಿನವೇ ಖರ್ಚಿನ ಬದಿಗೆ ಏರುತ್ತದೆ. ಅದರಿಂದಾಗುವ ಉಳಿತಾಯವಾದರೋ ತಿಂಗಳು ತಿಂಗಳ ಬಿಲ್ಲಿನೊಳಗೆ, ಬಾರದೆ ಹೋದ ಮೊತ್ತವಾಗಿ ಅಡಗಿ ಕುಳಿತಿರುತ್ತದೆ. ಕಣ್ಣಿಗೆ ಕಾಣದ ಈ ಹಣವನ್ನು ಕಾಣುವಂತೆ ಮಾಡುವುದು ಹೇಗೆ? ಕಂಡ ಮೇಲೆ ಅದರಲ್ಲಿ ಯಾರಿಗೆ ಎಷ್ಟು ಪಾಲು? ಇಂಧನ ಉಳಿಸುವ ಯಂತ್ರಗಳ ಇತಿಹಾಸವೆಲ್ಲ ಈ ಎರಡು ಪ್ರಶ್ನೆಗಳ ಸುತ್ತ ತಿರುಗಿದೆ ಎಂದರೆ ತಪ್ಪಾಗಲಾರದು.

ಸುಮಾರು 250 ವರ್ಷಗಳ ಹಿಂದೆ ಇಂಗ್ಲೆಂಡಿನ ನೈಋತ್ಯದ ತುದಿಯಲ್ಲಿರುವ ಕಾರ್ನ್‌ವಾಲ್ ಸೀಮೆಯಲ್ಲಿ ಗಣಿಗಳ ಪಾಲುದಾರರೂ ಒಂದು ಯಂತ್ರದ ಕಂಪನಿಯವರೂ ಇದೇ ಪ್ರಶ್ನೆಗಳ ಮೇಲೆ ಒಪ್ಪಂದ ಮಾಡಿಕೊಂಡರು, ಜಗಳವಾಡಿದರು, ಕೋರ್ಟು ಹತ್ತಿದರು. ಆ ಕಥೆಯ ಒಂದು ಎಳೆ ಮುಂದೆ ನಮ್ಮ ಕೋಲಾರದ ಚಿನ್ನದ ಗಣಿಗೂ, ಅಲ್ಲಿಂದ ಕಾವೇರಿಯ ಶಿವನಸಮುದ್ರಕ್ಕೂ ಬಂದು ಸೇರುತ್ತದೆ. ಇಂದು ಆ ಎಳೆಯನ್ನು ಹಿಡಿದು ಸ್ವಲ್ಪ ದೂರ ಹೋಗೋಣ.

ಕಾರ್ನ್‌ವಾಲಿನ ನೆಲದಲ್ಲಿ ತಾಮ್ರವಿತ್ತು, ತವರವಿತ್ತು, ಕಲ್ಲಿದ್ದಲು ಇರಲಿಲ್ಲ. ಗಣಿಯನ್ನು ಆಳಕ್ಕೆ ತೋಡಿದಷ್ಟೂ ಒಳಗೆ ನೀರು ತುಂಬುತ್ತಿತ್ತು. ಆ ನೀರನ್ನು ಹಗಲೂ ರಾತ್ರಿ ಮೇಲಕ್ಕೆತ್ತಿ ಚೆಲ್ಲದಿದ್ದರೆ ಕೆಲಸವೇ ನಿಂತುಹೋಗುವ ಸ್ಥಿತಿ. ಇದಕ್ಕೆ ಅಂದು ಇದ್ದ ಸಾಧನ ಥಾಮಸ್ ನ್ಯೂಕೊಮನ್ 1712ರಲ್ಲಿ ಬಳಕೆಗೆ ತಂದ ಉಗಿಯಂತ್ರ. ನೋಡಲು ಅದು ನಮ್ಮ ಹೊಲದ ಏತವನ್ನೇ ಹೋಲುತ್ತಿತ್ತು. ನಡುವೆ ಆಧಾರವಿರುವ ಒಂದು ಭಾರಿ ತೊಲೆ. ಅದರ ಒಂದು ತುದಿಗೆ ಗಣಿಯೊಳಗಿನ ಪಂಪಿನ ಸಲಾಕೆ, ಇನ್ನೊಂದು ತುದಿಗೆ ಸಿಲಿಂಡರಿನೊಳಗೆ ಮೇಲೆ ಕೆಳಗೆ ಆಡುವ ಪಿಸ್ಟನ್ನು. ಸಿಲಿಂಡರಿಗೆ ಉಗಿ ತುಂಬಿ, ಅದರೊಳಗೆ ತಣ್ಣೀರನ್ನು ಚಿಮುಕಿಸಿದರೆ ಉಗಿ ನೀರಾಗಿ ಕುಗ್ಗಿ ಒಳಗೆ ಖಾಲಿ ಜಾಗ ಉಂಟಾಗುತ್ತದೆ. ಆಗ ಹೊರಗಿನ ಗಾಳಿಯ ಒತ್ತಡ ಪಿಸ್ಟನ್ನನ್ನು ಕೆಳಗೆ ತಳ್ಳುತ್ತದೆ, ತೊಲೆಯ ಇನ್ನೊಂದು ತುದಿಯಲ್ಲಿ ನೀರು ಮೇಲಕ್ಕೆ ಬರುತ್ತದೆ.

ಯಂತ್ರ ಗಟ್ಟಿಯಾಗಿತ್ತು, ಆದರೆ ಹೊಟ್ಟೆಬಾಕ. ಪ್ರತಿ ಏಟಿಗೂ ಕಾದ ಸಿಲಿಂಡರನ್ನು ತಣಿಸಬೇಕು, ಮುಂದಿನ ಏಟಿಗೆ ಅದನ್ನೇ ಮತ್ತೆ ಕಾಯಿಸಬೇಕು. ಉಗಿಯ ಬಹುಭಾಗ ಕಬ್ಬಿಣವನ್ನು ಬಿಸಿ ಮಾಡುವುದರಲ್ಲೇ ವ್ಯರ್ಥವಾಗುತ್ತಿತ್ತು. ಕಲ್ಲಿದ್ದಲಿನ ಗಣಿಗಳವರಿಗೆ ಇದು ತಲೆನೋವಾಗಿರಲಿಲ್ಲ. ಮಾರಾಟವಾಗದ ಪುಡಿ ಕಲ್ಲಿದ್ದಲು ಅವರ ಅಂಗಳದಲ್ಲೇ ರಾಶಿ ಬಿದ್ದಿರುತ್ತಿತ್ತು. ಕಾರ್ನ್‌ವಾಲಿನವರಿಗೆ ಮಾತ್ರ ಪ್ರತಿ ಬುಟ್ಟಿ ಕಲ್ಲಿದ್ದಲೂ ವೇಲ್ಸ್ ಸೀಮೆಯಿಂದ ಹಡಗಿನಲ್ಲಿ ಬರಬೇಕಾಗಿತ್ತು. ಗಣಿಯ ನೀರೆತ್ತಲು ಸುಡುವ ಕಲ್ಲಿದ್ದಲಿನ ಮೇಲಿನ ಸುಂಕವನ್ನು ಹಿಂದಿರುಗಿಸುವ ಕಾನೂನನ್ನು ಅಲ್ಲಿನ ಪಾರ್ಲಿಮೆಂಟು 1741ರಲ್ಲೇ ಮಾಡಬೇಕಾಯಿತೆಂದರೆ ಆ ಭಾರ ಎಷ್ಟಿತ್ತೆಂದು ಊಹಿಸಬಹುದು.

ಗ್ಲಾಸ್ಗೋ ವಿಶ್ವವಿದ್ಯಾನಿಲಯದಲ್ಲಿ ಉಪಕರಣಗಳನ್ನು ತಯಾರಿಸಿ ರಿಪೇರಿ ಮಾಡುತ್ತಿದ್ದ ಜೇಮ್ಸ್ ವಾಟ್ ಈ ದೋಷವನ್ನು ಹಿಡಿದ. ಉಗಿಯನ್ನು ಸಿಲಿಂಡರಿನೊಳಗೇ ತಣಿಸುವ ಬದಲು ಪಕ್ಕದ ಬೇರೊಂದು ಪಾತ್ರೆಗೆ ಎಳೆದುಕೊಂಡು ಅಲ್ಲಿ ತಣಿಸಿದರೆ ಸಿಲಿಂಡರು ಸದಾ ಬಿಸಿಯಾಗಿಯೇ ಉಳಿಯುತ್ತದೆ ಎಂಬ ಉಪಾಯ 1765ರಲ್ಲಿ ಅವನಿಗೆ ಹೊಳೆಯಿತು. 1769ರಲ್ಲಿ ಪೇಟೆಂಟ್ ಪಡೆದ. ಆದರೆ ಉಪಾಯ ಹೊಳೆಯುವುದಕ್ಕೂ ಅದು ಪೇಟೆಗೆ ಬರುವುದಕ್ಕೂ ನಡುವೆ ಹತ್ತು ವರ್ಷಗಳು ಕಳೆದವು. ಮೊದಲ ಪಾಲುದಾರ ಜಾನ್ ರೋಬಕ್ ದಿವಾಳಿಯಾದ. ಗಾಳಿ ಸೋರದಂತೆ ಸಿಲಿಂಡರನ್ನು ಕೊರೆಯುವ ಯಂತ್ರವೂ ಇರಲಿಲ್ಲ. ಕಬ್ಬಿಣದ ಕಾರ್ಖಾನೆಯ ಜಾನ್ ವಿಲ್ಕಿನ್ಸನ್ 1774ರಲ್ಲಿ ಕೊರೆಯುವ ಯಂತ್ರವನ್ನು ಮಾಡಿದ ಮೇಲೆ ಆ ತೊಡಕು ನೀಗಿತು. ಬರ್ಮಿಂಗ್‌ಹ್ಯಾಮಿನ ಉದ್ಯಮಿ ಮ್ಯಾಥ್ಯೂ ಬೌಲ್ಟನ್ ರೋಬಕ್‌ನ ಪಾಲನ್ನು ವಹಿಸಿಕೊಂಡ. 1775ರಲ್ಲಿ ಪಾರ್ಲಿಮೆಂಟು ಪೇಟೆಂಟನ್ನು 1800ರವರೆಗೆ ವಿಸ್ತರಿಸಿತು. ಬೌಲ್ಟನ್–ವಾಟ್ ಜೋಡಿಯ ವ್ಯಾಪಾರ ಶುರುವಾದದ್ದು ಆಗ.

ಈಗ ಕೊಳ್ಳುವವರ ಕಡೆಯಿಂದ ನೋಡೋಣ. ಕಾರ್ನ್‌ವಾಲಿನ ಗಣಿಗಳನ್ನು ನಡೆಸುತ್ತಿದ್ದವರು ಪಾಲುದಾರರ ಗುಂಪುಗಳು. ಕೆಲವು ತಿಂಗಳಿಗೊಮ್ಮೆ ಅವರು ಒಟ್ಟಿಗೆ ಸೇರಿ ಲೆಕ್ಕ ನೋಡುತ್ತಿದ್ದರು. ಲಾಭ ಬಂದಿದ್ದರೆ ಅಲ್ಲೇ ಹಂಚಿಕೊಂಡು ಏಳುತ್ತಿದ್ದರು, ನಷ್ಟವಾಗಿದ್ದರೆ ಪ್ರತಿಯೊಬ್ಬನೂ ತನ್ನ ಪಾಲಿನ ಹಣ ಕಟ್ಟುತ್ತಿದ್ದ. ಮುಂದಿನ ಯಂತ್ರಕ್ಕೆಂದು ಗಂಟು ಕಟ್ಟಿಡುವ ರೂಢಿ ಇರಲಿಲ್ಲ. ಹಳೆಯ ಯಂತ್ರಕ್ಕೆ ಸುರಿದ ಬಂಡವಾಳ ಬೇರೆ ಕಣ್ಣ ಮುಂದೆ ನಿಂತಿತ್ತು. ಇಂಥವರ ಬಳಿಗೆ ಹೋಗಿ, ನಮ್ಮ ಯಂತ್ರ ಕಲ್ಲಿದ್ದಲು ಉಳಿಸುತ್ತದೆ, ಇಷ್ಟು ಸಾವಿರ ಪೌಂಡು ಕೊಡಿ ಎಂದರೆ ಯಾರು ಒಪ್ಪುತ್ತಾರೆ?

ಇಲ್ಲಿ ಬೌಲ್ಟನ್ ಮತ್ತು ವಾಟ್ ಮಾಡಿದ ಕರಾರು ಗಮನಾರ್ಹವಾದದ್ದು. ಯಂತ್ರದ ಭಾಗಗಳ ಬೆಲೆ, ಕಟ್ಟಡದ ಖರ್ಚು ಗಣಿಯವರದು. ಸಿಲಿಂಡರನ್ನು ಸಾಮಾನ್ಯವಾಗಿ ವಿಲ್ಕಿನ್ಸನ್‌ನಿಂದ ನೇರವಾಗಿ ಕೊಳ್ಳಬೇಕು. ಬೌಲ್ಟನ್–ವಾಟ್ ಕಂಪನಿ ನಕ್ಷೆಗಳನ್ನೂ ಕೆಲವು ಸೂಕ್ಷ್ಮ ಭಾಗಗಳನ್ನೂ ಕೊಟ್ಟು, ಯಂತ್ರ ನಿಲ್ಲಿಸುವ ಕುಶಲಕರ್ಮಿಯನ್ನು ಕಳಿಸುತ್ತದೆ. ಅವರ ಪ್ರತಿಫಲ ಎಂದರೆ, ಅದೇ ಕೆಲಸವನ್ನು ಹಳೆಯ ಮಾದರಿಯ ಯಂತ್ರ ಮಾಡಿದ್ದರೆ ಎಷ್ಟು ಕಲ್ಲಿದ್ದಲು ಸುಡುತ್ತಿತ್ತೋ ಅದಕ್ಕಿಂತ ಹೊಸದು ಎಷ್ಟು ಕಡಿಮೆ ಸುಟ್ಟಿತೋ, ಆ ಉಳಿತಾಯದ ಬೆಲೆಯಲ್ಲಿ ಮೂರನೆಯ ಒಂದು ಪಾಲು. ಪೇಟೆಂಟ್ ಮುಗಿಯುವವರೆಗೆ ಇದು ಸಲ್ಲಬೇಕು.

ತಿಳಿವಳಿಕೆಗಾಗಿ ಒಂದು ಕಾಲ್ಪನಿಕ ಲೆಕ್ಕ ಹಾಕೋಣ. ಒಂದು ಗಣಿ ಹಳೆಯ ಯಂತ್ರದಲ್ಲಿ ವರ್ಷಕ್ಕೆ 3,000 ಪೌಂಡು ಬೆಲೆಯ ಕಲ್ಲಿದ್ದಲು ಸುಡುತ್ತಿತ್ತು. ಹೊಸ ಯಂತ್ರ ಅಷ್ಟೇ ನೀರನ್ನು 1,200 ಪೌಂಡಿನ ಕಲ್ಲಿದ್ದಲಿನಲ್ಲಿ ಎತ್ತಿತು ಎಂದುಕೊಳ್ಳಿ. ಉಳಿದದ್ದು 1,800. ಅದರಲ್ಲಿ 600 ಕಂಪನಿಗೆ, 1,200 ಗಣಿಗೆ. ಗಣಿಯವರು ತಮ್ಮ 1,200ರಿಂದ ಯಂತ್ರದ ಬೆಲೆಯನ್ನು ವರ್ಷ ವರ್ಷವೂ ತೀರಿಸಿಕೊಳ್ಳಬಹುದು. ಯಂತ್ರ ಉಳಿಸದಿದ್ದರೆ ಕಂಪನಿಗೂ ಕಾಸಿಲ್ಲ. ಮಾರುವವನ ಮಾತಿನ ಮೇಲೆ ಕೊಳ್ಳುವವನಿಗೆ ನಂಬಿಕೆ ಹುಟ್ಟಿಸಲು ಇದಕ್ಕಿಂತ ನೇರವಾದ ಉಪಾಯ ಸಿಗುವುದು ಕಷ್ಟ. ಇಂದು ಕಾರ್ಖಾನೆಗಳಲ್ಲಿ ವಿದ್ಯುತ್ ಉಳಿಸಿಕೊಟ್ಟು, ಉಳಿದ ಹಣದಲ್ಲಿ ಪಾಲು ಪಡೆಯುವ ಕಂಪನಿಗಳ ಕರಾರಿಗೆ ಮೂಲಪುರುಷ ಇದೇ ಎನ್ನಬಹುದು.

ಕರಾರು ಸರಿ, ಅಳೆಯುವುದು ಹೇಗೆ? ಹಳೆಯ ಯಂತ್ರ ಎಷ್ಟು ಸುಡುತ್ತಿತ್ತು ಎಂಬುದನ್ನು ಮೊದಲು ಎರಡು ಕಡೆಯವರೂ ಒಪ್ಪಬೇಕು. ಅದಕ್ಕಾಗಿ ಚಾಲ್ತಿಯಲ್ಲಿದ್ದ ಯಂತ್ರಗಳ ಮೇಲೆ ಪರೀಕ್ಷೆಗಳು ನಡೆದವು. ಹೊಸ ಯಂತ್ರ ಎಷ್ಟು ಏಟು ಹೊಡೆಯಿತು ಎಂದು ಎಣಿಸಲು ತೊಲೆಯ ಮೇಲೆ ಒಂದು ಎಣಿಕೆಯ ಉಪಕರಣವನ್ನು ಕೂರಿಸಿದರು. ತೊಲೆ ಬಾಗಿದಾಗಲೆಲ್ಲ ಅದರ ಮುಳ್ಳು ಒಂದು ಮನೆ ಮುಂದೆ ಹೋಗುತ್ತಿತ್ತು. ಅದನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ, ಬೀಗದ ಕೈಯನ್ನು ಕಂಪನಿಯವರು ಇಟ್ಟುಕೊಂಡರು. ಏಟುಗಳ ಸಂಖ್ಯೆ, ಪ್ರತಿ ಏಟಿಗೆ ಏರುವ ನೀರು, ಸುಟ್ಟ ಕಲ್ಲಿದ್ದಲು: ಈ ಮೂರನ್ನು ಸೇರಿಸಿದರೆ ಉಳಿತಾಯದ ಅಂಕಿ ಸಿಗುತ್ತಿತ್ತು. ಕರೆಂಟು ಮೀಟರು ಹುಟ್ಟುವುದಕ್ಕೆ ನೂರು ವರ್ಷ ಮೊದಲಿನ ಮಾತು ಇದು.

ಅಂದಿನ ಇಂಜಿನಿಯರುಗಳು ಯಂತ್ರದ ಯೋಗ್ಯತೆಯನ್ನು ಹೇಳಲು ಒಂದು ಅಳತೆ ಇಟ್ಟುಕೊಂಡಿದ್ದರು. ಒಂದು ಬುಷಲ್, ಅಂದರೆ ಕಾರ್ನ್‌ವಾಲಿನ ಲೆಕ್ಕದಲ್ಲಿ 94 ಪೌಂಡು ತೂಕದ ಕಲ್ಲಿದ್ದಲನ್ನು ಸುಟ್ಟು ಎಷ್ಟು ಪೌಂಡು ನೀರನ್ನು ಒಂದು ಅಡಿ ಎತ್ತರಕ್ಕೆ ಏರಿಸಬಹುದು ಎಂಬುದೇ ಆ ಅಳತೆ. ಸಾಮಾನ್ಯ ನ್ಯೂಕೊಮನ್ ಯಂತ್ರದ ಫಲ 50ರಿಂದ 70 ಲಕ್ಷ. ಜಾನ್ ಸ್ಮೀಟನ್ ಎಂಬ ಇಂಜಿನಿಯರು 1770ರ ದಶಕದಲ್ಲಿ ಹಳೆಯ ಮಾದರಿಯನ್ನೇ ತಿದ್ದಿ ತೀಡಿ ಅದನ್ನು 90 ಲಕ್ಷ ದಾಟಿಸಿದ್ದ. ವಾಟ್‌ನ ಯಂತ್ರ 2 ಕೋಟಿಯ ಆಸುಪಾಸಿಗೆ ಏರಿತು. 1777ರಲ್ಲಿ ಚೇಸ್‌ವಾಟರ್ ಮತ್ತು ಟಿಂಗ್ ಟ್ಯಾಂಗ್ ಎಂಬ ಗಣಿಗಳಿಂದ ಕಾರ್ನ್‌ವಾಲಿಗೆ ಕಾಲಿಟ್ಟ ಅದು ಕೆಲವೇ ವರ್ಷಗಳಲ್ಲಿ ಅಲ್ಲಿನ ಹಳೆಯ ಯಂತ್ರಗಳನ್ನು ಬಹುಪಾಲು ಹೊರದೂಡಿತು.

ಗಮನಿಸಿ, ಇದೇ ಕಾಲದಲ್ಲಿ ಕಲ್ಲಿದ್ದಲಿನ ಸೀಮೆಗಳಲ್ಲಿ ನ್ಯೂಕೊಮನ್ ಯಂತ್ರಗಳು ಹಾಗೆಯೇ ಓಡುತ್ತಿದ್ದವು, ಹೊಸದಾಗಿಯೂ ಕಟ್ಟಲ್ಪಡುತ್ತಿದ್ದವು. ಅಲ್ಲಿನವರು ಹಿಂದುಳಿದವರೆಂದು ಹೇಳುವುದು ನ್ಯಾಯವಲ್ಲ. ಪುಕ್ಕಟೆ ಸಿಗುವ ಪುಡಿಯನ್ನು ಉಳಿಸಿ ಯಾರಿಗೆ ಏನು ಪ್ರಯೋಜನ? ಹಳೆಯ ಯಂತ್ರ ಅಗ್ಗ, ಕೆಟ್ಟರೆ ಊರಿನ ಕಮ್ಮಾರನೇ ಸರಿ ಮಾಡುತ್ತಾನೆ. ಉಳಿತಾಯದ ಯಂತ್ರ ಎಲ್ಲಿ ಓಡುತ್ತದೆಂಬುದನ್ನು ನಿರ್ಧರಿಸಿದ್ದು ಇಂಧನದ ಬೆಲೆ.

ಇಲ್ಲಿಯವರೆಗೆ ಎಲ್ಲವೂ ಸುಖವಾಗಿ ನಡೆಯಿತು. ಜಗಳ ಹುಟ್ಟಿದ್ದು ಆಮೇಲೆ. ಯಂತ್ರ ಬಂದ ಮೊದಲ ವರ್ಷ ಪಾಲುದಾರನಿಗೆ ಹಳೆಯ ಕಲ್ಲಿದ್ದಲಿನ ಬಿಲ್ಲು ನೆನಪಿರುತ್ತದೆ. ಹತ್ತನೆಯ ವರ್ಷಕ್ಕೆ ಅದು ಮರೆತುಹೋಗಿ ಹೊಸ ಬಿಲ್ಲೇ ಸಹಜವೆನಿಸುತ್ತದೆ. ಬೌಲ್ಟನ್–ವಾಟ್ ಕಂಪನಿಗೆ ಕೊಡುವ ಪಾಲು ಮಾತ್ರ ಕಣ್ಣು ಕುಕ್ಕುತ್ತದೆ. ಏನೂ ಕೊಡದೆ ಕಂದಾಯ ವಸೂಲು ಮಾಡುವ ಜಮೀನ್ದಾರನಂತೆ ಆ ಕಂಪನಿ ಕಾಣತೊಡಗುತ್ತದೆ. ಅದರ ಮೇಲೆ ವೇಲ್ಸಿನ ಆಂಗಲ್‌ಸಿ ದ್ವೀಪದ ಪ್ಯಾರಿಸ್ ಬೆಟ್ಟದಿಂದ ಅಗ್ಗದ ತಾಮ್ರ ಹೊರಬಂದು ಕಾರ್ನ್‌ವಾಲಿನ ತಾಮ್ರದ ಬೆಲೆ ಬಿದ್ದಿತು. ಗಣಿಗಳಿಗೆ ನಷ್ಟ, ಆದರೂ ಉಳಿತಾಯದ ಪಾಲನ್ನು ಕಟ್ಟಲೇಬೇಕು. ಏಕೆಂದರೆ ಕರಾರು ಇದ್ದದ್ದು ಕಲ್ಲಿದ್ದಲಿನ ಉಳಿತಾಯದ ಮೇಲೆ, ಗಣಿಯ ಲಾಭದ ಮೇಲಲ್ಲ. ತಿಂಗಳು ತಿಂಗಳೂ ಎಣಿಕೆಯ ಬಗ್ಗೆ ಹುಟ್ಟುವ ತಕರಾರುಗಳನ್ನು ತಪ್ಪಿಸಲು ಅನೇಕ ಕಡೆ ವರ್ಷಕ್ಕೆ ಇಷ್ಟೆಂದು ನಿಗದಿ ಮೊತ್ತಕ್ಕೆ ಒಪ್ಪಂದ ಬದಲಾಯಿತು. ಬೌಲ್ಟನ್ ಮತ್ತು ವಾಟ್ ತಾವೇ ಕೆಲವು ಗಣಿಗಳಲ್ಲಿ ಪಾಲು ಕೊಂಡು ಪರಿಸ್ಥಿತಿಯನ್ನು ಹಿಡಿದು ನಿಲ್ಲಿಸಲು ನೋಡಿದರು.

ಅಷ್ಟರಲ್ಲಿ ಸ್ಥಳೀಯ ಇಂಜಿನಿಯರುಗಳು ತಮ್ಮದೇ ಯಂತ್ರಗಳನ್ನು ನಿಲ್ಲಿಸತೊಡಗಿದ್ದರು. ಜೊನಾಥನ್ ಹಾರ್ನ್‌ಬ್ಲೋವರ್ ಎರಡು ಸಿಲಿಂಡರುಗಳ ಯಂತ್ರಕ್ಕೆ 1781ರಲ್ಲೇ ಪೇಟೆಂಟ್ ಪಡೆದಿದ್ದ. ಎಡ್ವರ್ಡ್ ಬುಲ್ ಇನ್ನೊಂದು ಮಾದರಿ ಮಾಡಿದ. ತಮ್ಮ ಪೇಟೆಂಟಿನ ಉಲ್ಲಂಘನೆಯಾಗಿದೆಯೆಂದು ಬೌಲ್ಟನ್–ವಾಟ್ ಕಂಪನಿ 1790ರ ದಶಕದುದ್ದಕ್ಕೂ ದಾವೆ ನಡೆಸಿತು. ವ್ಯಾಜ್ಯ ಮುಗಿಯುವವರೆಗೆ ಎಂದು ಹಲವು ಗಣಿಗಳು ಪಾಲು ಕಟ್ಟುವುದನ್ನೇ ನಿಲ್ಲಿಸಿದವು. 1799ರಲ್ಲಿ ಕೋರ್ಟು ಕಂಪನಿಯ ಪರವಾಗಿ ತೀರ್ಪು ಕೊಟ್ಟಿತು, ಬಾಕಿ ವಸೂಲಾಯಿತು. ಮರುವರ್ಷವೇ ಪೇಟೆಂಟ್ ಮುಗಿದು ಕಂಪನಿಯವರು ಕಾರ್ನ್‌ವಾಲನ್ನು ಬಿಟ್ಟು ಹೊರಟರು.

ಪೇಟೆಂಟ್ ಹೋದ ಮೇಲೆ ಗಣಿಗಳಿಗೆ ಹಬ್ಬವಾಗಬೇಕಿತ್ತು. ಉಳಿತಾಯವೆಲ್ಲ ಈಗ ಅವರದೇ. ಆದರೆ ನಡೆದದ್ದು ಬೇರೆ. ಲೆಕ್ಕ ಕೇಳುವವರು ಇಲ್ಲವಾದಾಗ ಯಂತ್ರಗಳ ನಿಗಾ ಸಡಿಲವಾಯಿತು. ಬಾಯ್ಲರು ಸೋರಿದರೂ, ಪಿಸ್ಟನ್ನು ಸವೆದರೂ ಕೇಳುವವರಿಲ್ಲ. ಅದೇ ಯಂತ್ರಗಳ ಫಲ ಹಿಂದಿಗಿಂತ ಕೆಳಗಿಳಿಯಿತು. ಪಾಲು ಪಡೆಯುವವನ ಕಣ್ಣು ಯಂತ್ರದ ಮೇಲಿದ್ದಷ್ಟು ದಿನ ಅದು ಸರಿಯಾಗಿ ಓಡಿತ್ತು ಎಂಬುದು ಆಗ ಅರಿವಿಗೆ ಬಂದಿತು.

ಇದಕ್ಕೆ ಪರಿಹಾರ ಬಂದದ್ದು 1811ರಲ್ಲಿ. ಜೋಯಲ್ ಲೀನ್ ಎಂಬ ಅನುಭವಿ ಗಣಿ ಮೇಲ್ವಿಚಾರಕ ಗಣಿಯಿಂದ ಗಣಿಗೆ ಹೋಗಿ, ಎಣಿಕೆಯ ಪೆಟ್ಟಿಗೆ ನೋಡಿ, ಸುಟ್ಟ ಕಲ್ಲಿದ್ದಲಿನ ಲೆಕ್ಕ ತೆಗೆದುಕೊಂಡು, ಯಾವ ಗಣಿಯ ಯಾವ ಯಂತ್ರ ಆ ತಿಂಗಳು ಎಷ್ಟು ಫಲ ಕೊಟ್ಟಿತು, ಅದರ ಇಂಜಿನಿಯರು ಯಾರು ಎಂಬ ವಿವರಗಳನ್ನು ಪ್ರತಿ ತಿಂಗಳೂ ಅಚ್ಚು ಹಾಕಿಸಿ ಪ್ರಕಟಿಸತೊಡಗಿದ. ಸೇರುವುದು ಬಿಡುವುದು ಗಣಿಯವರ ಇಷ್ಟ; ಸೇರಿದವರು ಖರ್ಚಿಗೆ ಶುಲ್ಕ ಕೊಡಬೇಕು. ಅವನ ನಂತರ ಅವನ ಮನೆಯವರು ಈ ಕೆಲಸ ಮುಂದುವರಿಸಿದರು. ಬೀಗದ ಕೈ ಒಂದು ಕಂಪನಿಯ ಜೇಬಿನಿಂದ ಹೊರಬಂದು ಅಂಕಿ ಎಲ್ಲರ ಕೈಗೂ ಬಂತು.

ಇದರ ಪರಿಣಾಮ ಯಾರೂ ಊಹಿಸಿರದಂಥದು. ತನ್ನ ಯಂತ್ರದ ಹೆಸರು ಪಟ್ಟಿಯ ಕೆಳಗೆ ಬಂದರೆ ಇಂಜಿನಿಯರಿಗೆ ಅವಮಾನ; ಮೇಲೆ ಬಂದರೆ ಇನ್ನೊಂದು ಗಣಿಯಿಂದ ಕರೆ. ಒಬ್ಬ ಬಾಯ್ಲರಿಗೆ ಹೊದಿಕೆ ಹಾಕಿದರೆ ಮುಂದಿನ ತಿಂಗಳ ಪಟ್ಟಿ ನೋಡಿ ಹತ್ತು ಜನ ಹಾಕಿಸಿದರು. ರಿಚರ್ಡ್ ಟ್ರೆವಿಥಿಕ್ ಹೆಚ್ಚಿನ ಒತ್ತಡದ ಉಗಿಯನ್ನು ಸಿಲಿಂಡರಿನೊಳಗೆ ಹಿಗ್ಗಲು ಬಿಟ್ಟು ಕೆಲಸ ತೆಗೆಯುವ ಯಂತ್ರವನ್ನು 1812ರಲ್ಲಿ ವೀಲ್ ಪ್ರಾಸ್ಪರ್ ಗಣಿಯಲ್ಲಿ ನಿಲ್ಲಿಸಿದ. ಅದಕ್ಕೆ ಪೇಟೆಂಟ್ ಮಾಡಿಸಲಿಲ್ಲ, ನೋಡಿದವರೆಲ್ಲ ಅನುಸರಿಸಿದರು. 1811ರಲ್ಲಿ 2 ಕೋಟಿಗಿಂತ ಕೆಳಗಿದ್ದ ಸರಾಸರಿ ಫಲ 1840ರ ದಶಕದ ಹೊತ್ತಿಗೆ 6 ಕೋಟಿಯನ್ನು ದಾಟಿತ್ತು. 1835ರಲ್ಲಿ ಫೊಯಿ ಕನ್ಸಾಲ್ಸ್ ಗಣಿಯ ಒಂದು ಯಂತ್ರ ಬಹಿರಂಗ ಪರೀಕ್ಷೆಯಲ್ಲಿ 12.5 ಕೋಟಿಯನ್ನು ಮುಟ್ಟಿತು. ಪೇಟೆಂಟಿನ ಕಾವಲಿನಲ್ಲಿದ್ದ 25 ವರ್ಷಗಳಲ್ಲಿ ಆಗದಿದ್ದ ಏಳಿಗೆ ಬಹಿರಂಗವಾದ ಲೆಕ್ಕದಿಂದ ಆಯಿತು. ಹಾಗೆಂದು ಬೌಲ್ಟನ್ನನ ಕರಾರನ್ನು ಹಳಿಯುವಂತಿಲ್ಲ. ಹೊಸ ಯಂತ್ರವನ್ನು ಮೊದಲ ಸಲ ನಂಬಿಸಿ ಒಳಗೆ ತರಲು ಅಂಥ ಕರಾರು ಬೇಕಿತ್ತು, ಬಂದ ಮೇಲೆ ಬೆಳೆಸಲು ಲೀನ್‌ನ ಪಟ್ಟಿ ಬೇಕಿತ್ತು.

ಇಷ್ಟು ಉಳಿತಾಯವಾದ ಮೇಲೆ ದೇಶದ ಕಲ್ಲಿದ್ದಲಿನ ಖರ್ಚು ಇಳಿಯಬೇಕಲ್ಲ? ಇಳಿಯಲಿಲ್ಲ. 1865ರಲ್ಲಿ ವಿಲಿಯಂ ಸ್ಟ್ಯಾನ್ಲಿ ಜೆವನ್ಸ್ ಎಂಬ ಅರ್ಥಶಾಸ್ತ್ರಜ್ಞ ಇದನ್ನು ಎತ್ತಿ ತೋರಿಸಿದ. ಉಗಿ ಅಗ್ಗವಾದಂತೆ ಅದಕ್ಕೆ ಹೊಸ ಹೊಸ ಕೆಲಸಗಳು ಹುಟ್ಟುತ್ತವೆ. ಮುಳುಗಿದ್ದ ಗಣಿ ಮತ್ತೆ ತೆರೆಯುತ್ತದೆ, ಮುಚ್ಚಬೇಕಾಗಿದ್ದ ಕಾರ್ಖಾನೆ ಇನ್ನೆರಡು ಯಂತ್ರ ಹಾಕುತ್ತದೆ. ಒಂದೊಂದು ಯಂತ್ರದಲ್ಲಿ ಉಳಿದದ್ದನ್ನು ಯಂತ್ರಗಳ ಸಂಖ್ಯೆ ನುಂಗಿ ನೀರು ಕುಡಿಯುತ್ತದೆ. ವ್ಯಾಪಾರಿಗೆ ಇದು ಲಾಭವೇ. ಆದರೆ ಉಳಿತಾಯದ ಯಂತ್ರ ತಂದ ಮಾತ್ರಕ್ಕೆ ನೆಲದೊಳಗಿನ ನಿಧಿ ಉಳಿಯುತ್ತದೆಂದು ನಂಬುವಂತಿಲ್ಲ ಎಂಬುದು ಜೆವನ್ಸನ ಎಚ್ಚರಿಕೆ.

ಈಗ ನಮ್ಮ ಕಡೆಗೆ ಬರೋಣ. ಲೀನ್‌ನ ಪಟ್ಟಿಯ ಕಾಲದಲ್ಲಿ ಕಾರ್ನ್‌ವಾಲಿನ ದೊಡ್ಡ ಗಣಿಗಳನ್ನು ನಡೆಸುತ್ತಿದ್ದವರಲ್ಲಿ ಜಾನ್ ಟೇಲರ್ ಪ್ರಮುಖ. 1819ರಲ್ಲಿ ಕನ್ಸಾಲಿಡೇಟೆಡ್ ಮೈನ್ಸ್ ಎಂಬ ತಾಮ್ರದ ಗಣಿಸಮೂಹವನ್ನು ಮತ್ತೆ ತೆರೆದು ಅಲ್ಲಿ ಭಾರಿ ಉಗಿಯಂತ್ರಗಳನ್ನು ನಿಲ್ಲಿಸಿದವನು ಅವನು. ಅವನು ಕಟ್ಟಿದ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಯೇ 1880ರ ದಶಕದಲ್ಲಿ ಮೈಸೂರು ಸಂಸ್ಥಾನದ ಕೋಲಾರ ಚಿನ್ನದ ಗಣಿಗಳ ಆಡಳಿತವನ್ನು ವಹಿಸಿಕೊಂಡಿತು. ಕಾರ್ನ್‌ವಾಲಿನ ಗಣಿ ಕ್ಯಾಪ್ಟನ್‌ಗಳು ಕೆ.ಜಿ.ಎಫ್.ಗೆ ಬಂದರು. ನೀರೆತ್ತುವ, ಅದಿರು ಮೇಲೆಳೆಯುವ, ಅದಿರು ಕುಟ್ಟುವ ಅವರ ವಿದ್ಯೆ ಬಂತು, ಅದರೊಂದಿಗೆ ಇಂಧನದ ಚಿಂತೆಯೂ ಬಂತು. ಕೋಲಾರದಲ್ಲೂ ಕಲ್ಲಿದ್ದಲು ಇರಲಿಲ್ಲ. ಬಾಯ್ಲರುಗಳಿಗೆ ಸುತ್ತಲಿನ ಸೀಮೆಯ ಸೌದೆ ಬೇಕು, ಇಲ್ಲವೇ ದೂರದಿಂದ ರೈಲಿನಲ್ಲಿ ಕಲ್ಲಿದ್ದಲು ಬರಬೇಕು. ಗಣಿ ಆಳಕ್ಕೆ ಇಳಿದಂತೆ ಒಲೆಯ ಬಾಯಿಯೂ ಅಗಲವಾಗುತ್ತಿತ್ತು.

ಆಗ ದಿವಾನರಾಗಿದ್ದ ಸರ್ ಕೆ. ಶೇಷಾದ್ರಿ ಅಯ್ಯರ್ ಮತ್ತು ಸಂಸ್ಥಾನದ ಇಂಜಿನಿಯರು ಕ್ಯಾಪ್ಟನ್ ಜೋಲಿ ಡಿ ಲಾಟ್‌ಬಿನಿಯರ್ ಅವರ ಪ್ರಯತ್ನದಿಂದ ಕಾವೇರಿಯ ಶಿವನಸಮುದ್ರದಲ್ಲಿ ವಿದ್ಯುದಾಗಾರ ಎದ್ದಿತು. ಜಲಯಂತ್ರಗಳು ಜ್ಯೂರಿಕ್‌ನ ಎಷರ್ ವಿಸ್ ಕಂಪನಿಯವು, ವಿದ್ಯುತ್ ಯಂತ್ರಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯವು. ಅಲ್ಲಿಂದ ಸುಮಾರು 147 ಕಿಲೋಮೀಟರು ದೂರದ ಕೆ.ಜಿ.ಎಫ್.ಗೆ ತಂತಿ ಎಳೆದು 1902ರ ಜೂನ್ 30ರಂದು ವಿದ್ಯುತ್ ಹರಿಸಲಾಯಿತು. ಅಷ್ಟು ಉದ್ದದ ತಂತಿ ಆ ಕಾಲಕ್ಕೆ ಜಗತ್ತಿನಲ್ಲೇ ಅಪರೂಪ. ಮೊದಲ ಹಂತದಲ್ಲಿ ಒದಗಿಸಿದ್ದು ಸುಮಾರು 4,000 ಅಶ್ವಶಕ್ತಿ. ಹಿಂದಿನ ವರ್ಷ ತೀರಿಕೊಂಡಿದ್ದ ಶೇಷಾದ್ರಿ ಅಯ್ಯರ್ ಅದನ್ನು ನೋಡಲಿಲ್ಲ.

ಕಾರ್ನ್‌ವಾಲಿನ ಒಪ್ಪಂದಕ್ಕೂ ಇದಕ್ಕೂ ಇರುವ ವ್ಯತ್ಯಾಸ ನೋಡಿ. ಇಲ್ಲಿ ಉಳಿತಾಯವನ್ನು ಎಣಿಸುವ ಗೊಡವೆಯೇ ಇಲ್ಲ. ಒಂದು ಅಶ್ವಶಕ್ತಿಗೆ ವರ್ಷಕ್ಕೆ ಇಷ್ಟು ಎಂಬ ದರಕ್ಕೆ ಸರ್ಕಾರ ಮತ್ತು ಗಣಿಗಳ ನಡುವೆ ಕರಾರಾಯಿತು. ಅಣೆ, ನಾಲೆ, ವಿದ್ಯುದಾಗಾರ, ತಂತಿಗಳ ಬಂಡವಾಳವೆಲ್ಲ ಸಂಸ್ಥಾನದ್ದು. ಗಣಿಗಳಿಗೆ ಬಾಯ್ಲರಿನ ಸೌದೆ, ಕಲ್ಲಿದ್ದಲಿನ ಅನಿಶ್ಚಿತ ಖರ್ಚು ತಗ್ಗಿ, ಮೊದಲೇ ಗೊತ್ತಿರುವ ಬಿಲ್ಲು ಬಂತು. ಸಂಸ್ಥಾನಕ್ಕೆ ಖಾತರಿಯ ಗಿರಾಕಿ ಸಿಕ್ಕಿ ವರ್ಷ ವರ್ಷವೂ ಆದಾಯ ಬಂತು. ಕೊಳ್ಳುವವನು ಬಂಡವಾಳ ಹೂಡಲು ಹಿಂಜರಿಯುವಲ್ಲಿ ಹೂಡಬಲ್ಲವನು ಹೂಡಿ, ಬಳಕೆಯ ಮೇಲೆ ಹಣ ಪಡೆಯುವ ಈ ದಾರಿಯೂ ಗಟ್ಟಿಯಾದದ್ದೇ.

ಜೆವನ್ಸನ ಮಾತು ಇಲ್ಲಿಯೂ ನಿಜವಾಯಿತು. ಶಕ್ತಿ ಸುಲಭವಾಗಿ ಸಿಕ್ಕಿದಂತೆ ಗಣಿಗಳ ಬೇಡಿಕೆ ಏರಿತು, ವಿದ್ಯುದಾಗಾರವನ್ನು ಮತ್ತೆ ಮತ್ತೆ ವಿಸ್ತರಿಸಬೇಕಾಯಿತು. ಬೇಸಿಗೆಯಲ್ಲಿ ಕಾವೇರಿ ಬತ್ತಿದರೆ ಗಣಿಗೆ ಕೊಟ್ಟ ಮಾತು ತಪ್ಪುವ ಭಯ. ಮಳೆಗಾಲದ ನೀರನ್ನು ಹಿಡಿದಿಟ್ಟು ವರ್ಷವಿಡೀ ಬಿಡಬೇಕೆಂಬ ಈ ಅಗತ್ಯ, 1911ರಲ್ಲಿ ಕನ್ನಂಬಾಡಿಯ ಅಣೆಕಟ್ಟಿನ ಕೆಲಸ ಆರಂಭವಾಗಲು ಇದ್ದ ಮುಖ್ಯ ಕಾರಣಗಳಲ್ಲಿ ಒಂದು. ಆಗ ಮುಖ್ಯ ಇಂಜಿನಿಯರಾಗಿದ್ದ ಸರ್ ಎಂ. ವಿಶ್ವೇಶ್ವರಯ್ಯನವರ ವಾದದಲ್ಲಿ ಮಂಡ್ಯದ ಗದ್ದೆಗಳ ಜೊತೆಗೆ ಕೋಲಾರದ ಗಣಿಗಳಿಂದ ಬರುವ ವಿದ್ಯುತ್ ಆದಾಯಕ್ಕೂ ಸ್ಥಾನವಿತ್ತು.

ಈ ಹಂಚಿಕೆಯಲ್ಲಿ ಪಾಲು ಸಿಗದವರೂ ಇದ್ದರು. ಶಿವನಸಮುದ್ರದಿಂದ ಕೆ.ಜಿ.ಎಫ್.ವರೆಗೆ ತಂತಿ ಹಾದುಹೋದ ಹಳ್ಳಿಗಳ ತಲೆಯ ಮೇಲೆ ವಿದ್ಯುತ್ ಹರಿಯಿತು, ಮನೆಯೊಳಗೆ ಬುಡ್ಡಿದೀಪವೇ ಉರಿಯಿತು. ಬೆಂಗಳೂರಿನ ಬೀದಿಗೆ 1905ರಲ್ಲಿ ದೀಪ ಬಂದರೂ ಹಳ್ಳಿಗಳ ಸರದಿ ಬರಲು ದಶಕಗಳೇ ಬೇಕಾದವು. ಆಂಧ್ರ, ತಮಿಳುನಾಡುಗಳ ಅಂಚಿನಲ್ಲಿರುವ ಆ ಗಣಿಯ ಆಳಕ್ಕಿಳಿದು ದುಡಿದ ತಮಿಳು, ತೆಲುಗು, ಕನ್ನಡ ಮಾತಿನ ಕೂಲಿಕಾರರ ಮಜೂರಿ, ಇಂಧನದ ಬಿಲ್ಲು ಇಳಿಯಿತೆಂಬ ಕಾರಣಕ್ಕೆ ತಾನಾಗಿ ಏರುವಂಥದಲ್ಲ. ಅಂಥ ಕರಾರಿನಲ್ಲಿ ಅವರು ಸಹಿದಾರರಾಗಿರಲಿಲ್ಲ. ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಉಳಿತಾಯದ ಪಾಲು ಸಿಗುವುದು ಕರಾರಿನೊಳಗೆ ಹೆಸರಿದ್ದವರಿಗೆ ಎಂಬ ಪಾಠ ಮಾತ್ರ ಉಳಿಯಿತು.

ನಮ್ಮ ಕಾಲದಲ್ಲಿ ಭಾರತ ಸರ್ಕಾರ ಇದೇ ದಾರಿಯಲ್ಲಿ ಒಂದು ಪ್ರಯೋಗ ಮಾಡಿತು. 2001ರ ಇಂಧನ ಸಂರಕ್ಷಣಾ ಕಾಯಿದೆಯ ಆಧಾರದಲ್ಲಿ 2012ರಿಂದ 2015ರವರೆಗೆ ಸಿಮೆಂಟು, ಉಕ್ಕು, ಬಟ್ಟೆ, ಕಾಗದ ಮೊದಲಾದ 8 ವಲಯಗಳ 478 ದೊಡ್ಡ ಘಟಕಗಳಿಗೆ, ಒಂದು ಟನ್ ಸರಕಿಗೆ ಇಷ್ಟೇ ಇಂಧನ ಎಂಬ ಗುರಿ ಕೊಡಲಾಯಿತು. ಗುರಿಗಿಂತ ಹೆಚ್ಚು ಉಳಿಸಿದವರಿಗೆ ಪ್ರಮಾಣಪತ್ರ. ಗುರಿ ಮುಟ್ಟದವರು ಅದನ್ನು ಕೊಳ್ಳಬೇಕು. ಒಟ್ಟು 66.86 ಲಕ್ಷ ಟನ್ ತೈಲಕ್ಕೆ ಸಮನಾದ ಗುರಿಗೆ ಪ್ರತಿಯಾಗಿ 86.7 ಲಕ್ಷ ಟನ್ನಿನಷ್ಟು ಉಳಿತಾಯವಾಯಿತು. 2017ರಲ್ಲಿ ಆ ಪ್ರಮಾಣಪತ್ರಗಳು ವಿದ್ಯುತ್ ಪೇಟೆಯಲ್ಲಿ ಮಾರಾಟಕ್ಕೂ ಬಂದವು. ಸುಡದೆ ಉಳಿದ ಇಂಧನಕ್ಕೆ ಪೇಟೆಯಲ್ಲಿ ಧಾರಣೆ ಸಿಕ್ಕಿತು ಎಂದಾಯಿತು. ಹಿಂದೆ ಎಷ್ಟು ಸುಡುತ್ತಿತ್ತು, ಅಳೆಯುವವರು ಯಾರು ಎಂಬ ವಾಟ್‌ನ ಕಾಲದ ಪ್ರಶ್ನೆಗಳು ಇಲ್ಲಿಯೂ ಮೊದಲು ಎದ್ದು ನಿಂತವು.

ಇದೆಲ್ಲ ದೊಡ್ಡವರ ಮಾತಾಯಿತು, ನಮಗೇನು ಎನ್ನಬೇಡಿ. ಸೊಲ್ಲಾಪುರದ ಚಾದರದ ಮಗ್ಗವಾಗಲಿ, ಹೊಸೂರಿನ ಲೇತಾಗಲಿ, ಆದೋನಿಯ ಹತ್ತಿ ಜಿನ್ನಾಗಲಿ, ಊರಿನ ಹಿಟ್ಟಿನ ಗಿರಣಿಯಾಗಲಿ, ಎಲ್ಲಕ್ಕೂ ಒಂದೇ ಲೆಕ್ಕ. ಹತ್ತು ಅಶ್ವಶಕ್ತಿಯ, ಎಂದರೆ ಸುಮಾರು 7.5 ಕಿಲೋವಾಟಿನ ಒಂದು ಮೋಟಾರು ದಿನಕ್ಕೆ 12 ತಾಸು, ವರ್ಷಕ್ಕೆ 300 ದಿನ ಪೂರ್ಣ ಹೊರೆಯಲ್ಲಿ ಓಡಿತು ಎನ್ನಿ. ಎಳೆದ ಕರೆಂಟಿನಲ್ಲಿ ನೂರಕ್ಕೆ 85ರಷ್ಟನ್ನು ಕೆಲಸಕ್ಕೆ ತಿರುಗಿಸುವ ಹಳೆಯ ಮೋಟಾರು ವರ್ಷಕ್ಕೆ ಸುಮಾರು 31,760 ಯೂನಿಟ್ಟು ತಿನ್ನುತ್ತದೆ. ನೂರಕ್ಕೆ 90ರಷ್ಟು ತಿರುಗಿಸುವ ಹೊಸದು 30,000 ಯೂನಿಟ್ಟಿನಲ್ಲಿ ಅದೇ ಕೆಲಸ ಮಾಡುತ್ತದೆ. ಯೂನಿಟ್ಟಿಗೆ 8 ರೂಪಾಯಿ ಹಿಡಿದರೆ ವರ್ಷಕ್ಕೆ 14 ಸಾವಿರ ರೂಪಾಯಿಗೂ ಮಿಕ್ಕಿ ಉಳಿತಾಯ. ವರ್ಷದ ಕರೆಂಟಿನ ಖರ್ಚೇ ಎರಡೂವರೆ ಲಕ್ಷದ ಹತ್ತಿರವಿರುವಾಗ, ಅಂಗಡಿಯಲ್ಲಿ ಎರಡು ಮೋಟಾರುಗಳ ಬೆಲೆಯ ವ್ಯತ್ಯಾಸವನ್ನು ಮಾತ್ರ ನೋಡಿ ಅಗ್ಗದ್ದನ್ನು ಹೊತ್ತು ತರುವುದು ಜಾಣತನವಲ್ಲ. ಅದೇ ಮೋಟಾರು ದಿನಕ್ಕೆ ಒಂದೇ ತಾಸು ಓಡುವುದಾದರೆ ಉಳಿಯುವುದು ವರ್ಷಕ್ಕೆ 1,200 ರೂಪಾಯಿಗೂ ಕಡಿಮೆ. ಆಗ ಹಳೆಯದನ್ನೇ ಇಟ್ಟುಕೊಂಡವರು ನ್ಯೂಕೊಮನ್ ಯಂತ್ರ ಬಿಡದ ಕಲ್ಲಿದ್ದಲಿನ ಗಣಿಯವರಂತೆ ತಮ್ಮ ಲೆಕ್ಕವನ್ನು ಸರಿಯಾಗಿಯೇ ಹಾಕಿದ್ದಾರೆ.

ಆದ್ದರಿಂದ ಉಳಿತಾಯದ ಯಂತ್ರ ಮಾರಲು ಬಂದವರಿಗೆ ಮೂರು ಮಾತು ಕೇಳಬೇಕು. ಈಗ ಎಷ್ಟು ಖರ್ಚಾಗುತ್ತಿದೆಯೆಂದು ಅಳೆದವರು ಯಾರು? ಹೊಸದು ಬಂದ ಮೇಲೆ ಅಳೆಯುವವರು ಯಾರು, ಆ ಅಂಕಿ ನಮಗೂ ಕಾಣುತ್ತದೆಯೇ? ಉಳಿದದ್ದರಲ್ಲಿ ಪಾಲು ಯಾರಿಗೆ, ಎಷ್ಟು ವರ್ಷ? ಯಂತ್ರ ಬರುವ ಮೊದಲೇ ಮೂರು ತಿಂಗಳು ಮೀಟರಿನ ಅಂಕಿಯನ್ನೂ ಆ ಅವಧಿಯಲ್ಲಿ ಬೀಸಿದ ಹಿಟ್ಟಿನ, ನೇಯ್ದ ಬಟ್ಟೆಯ ಲೆಕ್ಕವನ್ನೂ ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ. ಯಂತ್ರ ಬಂದ ಮೇಲೂ ಬರೆಯುವುದನ್ನು ನಿಲ್ಲಿಸಬೇಡಿ. ಕಾರ್ನ್‌ವಾಲಿನ ಗಣಿಗಳಲ್ಲಿ ಪೇಟೆಂಟ್ ಮುಗಿದ ಮೇಲೆ ನಿಂತುಹೋದದ್ದು ಆ ಬರವಣಿಗೆ. ಕಲ್ಲಿದ್ದಲು ಮತ್ತೆ ವ್ಯರ್ಥವಾಗಿ ಉರಿಯತೊಡಗಿದ್ದೂ ಅಲ್ಲಿಂದಲೇ.